ಅಡುಗೆಮನೆ ಪ್ರಶ್ನೋತ್ತರ: ಈ ಸಲ ಬರೀ ಬೇಳೆ

ಈ ತಿಂಗಳು ಬಂದ ಕಾಗದಗಳಲ್ಲಿ ಅರ್ಧಕ್ಕೂ ಹೆಚ್ಚು ಬೇಳೆಯವೇ. ಪಂದಿ ಕರಿಗೆ (ಹಂದಿ ಮಾಂಸದ ಅಡುಗೆ) ಮಸಾಲೆ ಎಷ್ಟು ಹುರಿಯಬೇಕು, ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಯಾಕೆ ಬಿರಿಯುತ್ತದೆ ಎಂದು ಕೇಳುವವರು ಹಬ್ಬ ಹತ್ತಿರ ಬಂದಾಗ ಬರೆಯುತ್ತಾರೆ. ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆ ಹಿಡಿದುಕೊಂಡರೆ ಎಲ್ಲರಿಗೂ ಬೇಕಾಗುವುದು ಬಿಸಿ ಅನ್ನ, ಬೇಳೆ ಸಾರು, ಸುಟ್ಟ ಹಪ್ಪಳ. ಆದ್ದರಿಂದ ಉಳಿದ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಪುಟವನ್ನೆಲ್ಲ ಬೇಳೆಗೇ ಬಿಟ್ಟುಕೊಟ್ಟಿದ್ದೇನೆ. ಹೊಸ ಓದುಗರಿಗೆ ಹೇಳಿಬಿಡುತ್ತೇನೆ: ನಾನು ಮಡಿಕೇರಿಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲೊಂದರ ಅಡುಗೆಮನೆ ನೋಡಿಕೊಂಡು ನಿವೃತ್ತಳಾದವಳು. ದಿನಾ ಹಂಡೆಗಟ್ಟಲೆ ಬೇಳೆ ಬೇಯಿಸಿದವಳಿಗೆ ಬೇಳೆಯ ಬಗ್ಗೆ ಗಟ್ಟಿ ಅಭಿಪ್ರಾಯಗಳಿರುತ್ತವೆ. ಕೆಲವು ನಿಮಗೆ ಹಿಡಿಸದೆ ಇರಬಹುದು.

ಅಕ್ಕಾರ, ನಾನು ಕಲಬುರಗಿ ಕಡೆಯಾಕಿ. ಮದುವಿಯಾಗಿ ಮಡಿಕೇರಿಗೆ ಬಂದೀನಿ. ನಮ್ಮೂರಾಗ ಮೂರು ಸೀಟಿಗೆ ಬ್ಯಾಳಿ ಬೆಣ್ಣಿ ಆಗ್ತದ. ಇಲ್ಲಿ ಆರು ಸೀಟಿ ಹೊಡಿಸಿದ್ರೂ ಕಾಳು ಕಾಳಾಗೇ ಉಳೀತದ, ನೀರು ಮ್ಯಾಲ, ಬ್ಯಾಳಿ ತೆಳಗ. ಅತ್ತಿಯವರು ಇದು ನೀರಿನ ದೋಷ ಅಂತಾರ, ನಮ್ಮ ಮನಿಯವರು ಕುಕ್ಕರ್ ಹಳೇದಾಗ್ಯದ ಅಂತಾರ. ನನ್ನ ಕೈಯಾಗೇ ಏನರ ತಪ್ಪದ ಏನು?
*ಹೊಸ ಸೊಸೆ, ಮಡಿಕೇರಿ*

ನಿನ್ನ ಕೈಯಲ್ಲಿ ಏನೂ ತಪ್ಪಿಲ್ಲ ಮಗಳೇ. ನೀನು ಬಂದಿರುವುದೇ ತೊಗರಿಯ ತವರಿನಿಂದ. 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಭೌಗೋಳಿಕ ಗುರುತು) ಪಡೆದ ಬೇಳೆ ನಿಮ್ಮೂರಿನದು. ಅಲ್ಲಿ ಸುಗ್ಗಿ ಮುಗಿದು ಗಿರಣಿಯಿಂದ ಬಂದ ಬೇಳೆ ನೇರ ನಿಮ್ಮ ಮನೆಯ ಡಬ್ಬಕ್ಕೆ ಬೀಳುತ್ತಿತ್ತು. ಇಲ್ಲಿ ಕೊಡಗಿನಲ್ಲಿ ಭತ್ತ, ಕಾಫಿ, ಕರಿಮೆಣಸು, ಏಲಕ್ಕಿ ಏನು ಬೇಕಾದರೂ ಕೇಳು, ತೊಗರಿ ಮಾತ್ರ ಘಟ್ಟ ಹತ್ತಿಯೇ ಬರಬೇಕು. ಗೋದಾಮಿನಲ್ಲಿ ಎಷ್ಟು ದಿನ ಕೂತಿತ್ತು, ಅಂಗಡಿಯಲ್ಲಿ ಎಷ್ಟು ದಿನ ಕೂತಿತ್ತು, ನಿಮ್ಮ ಅತ್ತೆಯವರ ಡಬ್ಬದಲ್ಲಿ ಎಷ್ಟು ದಿನ ಕೂತಿದೆ, ಅದನ್ನೆಲ್ಲ ಕೂಡಿಸಿ ನೋಡಬೇಕು.

ಊರಿನ ಎತ್ತರದ ವಿಚಾರ ಮೊದಲು ಮುಗಿಸೋಣ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಮಡಿಕೇರಿ 1,150 ಮೀಟರಿನ ಆಸುಪಾಸು. ಎತ್ತರ ಹೆಚ್ಚಿದಷ್ಟೂ ಗಾಳಿಯ ಒತ್ತಡ ಕಡಿಮೆ, ನೀರು ಕಡಿಮೆ ಬಿಸಿಯಲ್ಲೇ ಕುದಿ ಬರುತ್ತದೆ. ಇಲ್ಲಿ ತಳಮಳ ಕುದಿಯುವ ನೀರು 96 ಡಿಗ್ರಿ ಸೆಲ್ಸಿಯಸ್ ಅಷ್ಟೆ. ಉರಿ ಎಷ್ಟು ಜೋರು ಮಾಡಿದರೂ ಅದು ಮೇಲೇರುವುದಿಲ್ಲ, ನೀರು ಬೇಗ ಆವಿಯಾಗುತ್ತದೆ, ಗ್ಯಾಸ್ ಬೇಗ ಖಾಲಿಯಾಗುತ್ತದೆ. ತೆರೆದ ಪಾತ್ರೆಯಲ್ಲಿ ಬೇಯಿಸುವವರಿಗೆ ಈ ನಾಲ್ಕು ಡಿಗ್ರಿ ದೊಡ್ಡ ವಿಷಯ. ಕುಕ್ಕರಿನಲ್ಲಿ ಹಾಗಲ್ಲ. ಕುಕ್ಕರು ತನ್ನದೇ ಒತ್ತಡ ಕಟ್ಟಿಕೊಳ್ಳುತ್ತದೆ. ಸಮುದ್ರಮಟ್ಟದಲ್ಲಿ 121 ಡಿಗ್ರಿ ತಲುಪುವುದು ಇಲ್ಲಿ ಒಂದೆರಡು ಡಿಗ್ರಿ ಕಡಿಮೆ ತಲುಪಬಹುದು. ಅಷ್ಟಕ್ಕೆ ಮೂರು ಕೂಗು ಆರಾಗುವುದಿಲ್ಲ.

ಹಾಗಾದರೆ ಕುಕ್ಕರ್ ಹಾಳಾಗಿದೆಯೇ? ಕೂಗುವ ಮೊದಲೇ ಮುಚ್ಚಳದ ಅಂಚಿನಿಂದ ಆವಿ ಸುರ್ ಎಂದು ಹೋಗುತ್ತಿದ್ದರೆ ಗ್ಯಾಸ್ಕೆಟ್ ಸಡಿಲವಾಗಿದೆ, ಬದಲಿಸಿ. ಹೋಗದಿದ್ದರೆ ನಿನ್ನ ಯಜಮಾನರು ಹೊಸ ಕುಕ್ಕರಿಗೆ ದುಡ್ಡು ಹಾಕುವುದು ಬೇಡ.

ಅತ್ತೆಯವರ ಮಾತಿನಲ್ಲಿ ಸತ್ಯ ಇರುವ ಸಾಧ್ಯತೆ ಇದೆ. ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಬೇಳೆಯ ಒಳಗಿನ ಅಂಟನ್ನು ಬಿಗಿಮಾಡುತ್ತದೆ, ಬೇಳೆ ಒಡೆಯುವುದಿಲ್ಲ. ಬೋರ್‌ವೆಲ್ ನೀರಾಗಿದ್ದು, ಸ್ನಾನದ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಿದ್ದರೆ ಅನುಮಾನ ಪಡು. ಪರೀಕ್ಷೆಗೆ ಈ ಕಾಲದಲ್ಲಿ ಕೊಡಗಿನಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. ಅಂಗಳದಲ್ಲಿ ಶುಚಿಯಾದ ಪಾತ್ರೆಯಿಟ್ಟು ಮಳೆನೀರು ಹಿಡಿ, ಹಂಚಿನಿಂದ ಇಳಿದದ್ದು ಬೇಡ, ನೇರ ಆಕಾಶದ್ದೇ ಬೇಕು. ಬಟ್ಟೆಯಲ್ಲಿ ಸೋಸಿ ಅದರಲ್ಲಿ ಅರ್ಧ ಲೋಟ ಬೇಳೆ ಬೇಯಿಸು. ಮಳೆನೀರಿನಲ್ಲಿ ಸುಣ್ಣ ಇರುವುದಿಲ್ಲ. ಅದರಲ್ಲಿ ಬೆಂದು ನಲ್ಲಿ ನೀರಿನಲ್ಲಿ ಬೇಯದಿದ್ದರೆ ಅತ್ತೆ ಗೆದ್ದರು. ಎರಡರಲ್ಲೂ ಬೇಯದಿದ್ದರೆ ಬೇಳೆಯೇ ಮುದಿಯಾಗಿದೆ. ನನ್ನ ಪಂದ್ಯ ಎರಡನೆಯದರ ಮೇಲೆ.

ಹಳತಾದ ಬೇಳೆ, ಅದರಲ್ಲೂ ಬಿಸಿ ಮತ್ತು ತೇವ ಎರಡನ್ನೂ ಉಂಡ ಬೇಳೆ, ಒಳಗೇ ಗಟ್ಟಿಯಾಗಿಬಿಡುತ್ತದೆ. ಅದು ಕೂಗಿನ ಲೆಕ್ಕಕ್ಕೆ ಬಗ್ಗುವುದಿಲ್ಲ. ಬಣ್ಣ ಮಂಕಾಗಿರುತ್ತದೆ. ಒಂದು ಚಮಚ ಬೇಳೆಯನ್ನು ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ ಉಗುರಿನಿಂದ ಒತ್ತಿ ನೋಡು. ಹೊಸದಾದರೆ ಸುಲಭವಾಗಿ ತುಂಡಾಗುತ್ತದೆ, ಹಳತಾದರೆ ಉಗುರು ಜಾರುತ್ತದೆ.

ಇನ್ನೊಂದು ಗುಮಾನಿ ನನಗಿದೆ. ಇಲ್ಲಿನ ಎಷ್ಟೋ ಮನೆಗಳಲ್ಲಿ ಟೊಮೆಟೊ, ಹುಣಸೆ, ಬೇಳೆ ಎಲ್ಲವನ್ನೂ ಒಟ್ಟಿಗೇ ಕುಕ್ಕರಿಗೆ ಸುರಿದು ಕೂಗಿಸುತ್ತಾರೆ. ಹೊಸ ಬೇಳೆಗೆ ನಡೆಯುತ್ತದೆ, ಹಳೆಯದಕ್ಕೆ ನಡೆಯುವುದಿಲ್ಲ. ಹುಳಿ ಬಿತ್ತೆಂದರೆ ಬೇಳೆ ಮೆತ್ತಗಾಗುವುದು ಅಲ್ಲಿಗೇ ನಿಧಾನವಾಗುತ್ತದೆ. ಎಲ್ಲರೂ ಉಪ್ಪನ್ನು ಬೈಯುತ್ತಾರೆ. ಉಪ್ಪು ಅಷ್ಟು ಕೆಟ್ಟದ್ದಲ್ಲ, ತಪ್ಪಿತಸ್ಥ ಹುಳಿಯೇ.

ಹೀಗೆ ಮಾಡು. ಒಂದು ಲೋಟ ತೊಗರಿ ಬೇಳೆಯನ್ನು ನೀರು ತಿಳಿಯಾಗುವವರೆಗೆ ತೊಳೆದು, ಕೈ ತಡೆಯುವಷ್ಟು ಬಿಸಿಯ ನೀರಿನಲ್ಲಿ ಅರ್ಧ ಗಂಟೆ ನೆನೆಸು. ಹಳೆ ಬೇಳೆಗೆ ಎರಡು ಗಂಟೆ. ನೆನೆಸಿದ ನೀರು ಚೆಲ್ಲಿ, ಹೊಸದಾಗಿ ಮೂರು ಲೋಟ ನೀರು, ಕಾಲು ಚಮಚ ಅರಿಶಿನ, ಅರ್ಧ ಚಮಚ ಎಣ್ಣೆ ಹಾಕು. ಎಣ್ಣೆ ರುಚಿಗಲ್ಲ, ನೊರೆ ತಗ್ಗಿಸಲಿಕ್ಕೆ. ನೊರೆಯ ಜೊತೆ ಬೇಳೆಯ ಚೂರು ಮೇಲೆದ್ದು ವೆಯ್ಟಿನ ಕೊಳವೆ ಕಟ್ಟಿಕೊಂಡರೆ ಅಪಾಯ. ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಬೇಡ. ಒಂದು ಕೂಗು ಜೋರು ಉರಿಯಲ್ಲಿ ಬರಲಿ, ಆಮೇಲೆ ಉರಿ ಸಣ್ಣಗೆ ಮಾಡಿ ಹತ್ತು ಹನ್ನೆರಡು ನಿಮಿಷ ಬಿಡು. ಕೂಗು ಎಣಿಸುತ್ತಾ ಕೂರಬೇಡ, ಗಡಿಯಾರ ನೋಡು. ಕೂಗೆಂದರೆ ಹೆಚ್ಚಾದ ಆವಿ ಹೊರಬಿದ್ದ ಸದ್ದು; ಉರಿ ಜೋರಾಗಿದ್ದರೆ ಐದು ನಿಮಿಷದಲ್ಲಿ ಆರು ಕೂಗೂ ಬರುತ್ತದೆ, ಬೇಳೆ ಮಾತ್ರ ಬೆಂದಿರುವುದಿಲ್ಲ. ಒಲೆ ಆರಿಸಿದ ಮೇಲೆ ಒತ್ತಡ ತಾನಾಗಿ ಇಳಿಯಲಿ, ಆ ಹೊತ್ತಿನಲ್ಲೂ ಬೇಳೆ ಬೇಯುತ್ತಿರುತ್ತದೆ. ಮುಚ್ಚಳ ತೆಗೆದು ಬಿಸಿ ಇರುವಾಗಲೇ ಕಡಗೋಲು ಆಡಿಸು. ಹುಳಿ, ಉಪ್ಪು, ಸಾರಿನ ಪುಡಿ ಎಲ್ಲ ಇದರ ನಂತರ.

ಮುಂದಿನ ಸಲ ತವರಿಗೆ ಹೋದಾಗ ಎರಡು ಕೆಜಿ ಬೇಳೆ ತಂದುಬಿಡು. ಅದು ಬೆಂದದ್ದನ್ನು ಅತ್ತೆಯವರು ಒಮ್ಮೆ ಕಣ್ಣಾರೆ ನೋಡಲಿ.

ಬೇಳೆ ಬೇಯದಿದ್ದರೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಏನಾಗುತ್ತದೆ?
*ಗೃಹಿಣಿ, ಸುಂಟಿಕೊಪ್ಪ*

ಬೇಳೆ ಬೇಯುತ್ತದೆ. ಜೊತೆಗೆ ಬಿ1 ಜೀವಸತ್ವ ನಾಶವಾಗುತ್ತದೆ, ಚಿಟಿಕೆ ಎರಡಾದರೆ ಸಾರಿಗೆ ಸಾಬೂನಿನ ರುಚಿ ಬರುತ್ತದೆ. ಹಾಸ್ಟೆಲಿನಲ್ಲಿ ನಾನು ಸೋಡಾ ಡಬ್ಬವನ್ನು ಅಡುಗೆಯವರ ಕೈಗೆ ಸಿಗದ ಕಡೆ ಇಡುತ್ತಿದ್ದೆ. ನೆನೆಸುವ ತಾಳ್ಮೆ ಇರುವವರಿಗೆ ಸೋಡಾ ಬೇಕಾಗುವುದಿಲ್ಲ.

ಮೇ ತಿಂಗಳಲ್ಲೇ ಮಳೆಗಾಲಕ್ಕೆಂದು ಹತ್ತು ಕೆಜಿ ತೊಗರಿ ಬೇಳೆ, ಐದು ಕೆಜಿ ಹೆಸರು ಕಾಳು ತಂದಿಟ್ಟೆವು. ಈಗ ಬೇಳೆ ಮುಗ್ಗಲು ವಾಸನೆ ಹೊಡೆಯುತ್ತಿದೆ, ಹೆಸರು ಕಾಳಿನಲ್ಲಿ ತೂತುಗಳು. ತೊಳೆದು ಬಿಸಿಲಿಗೆ ಹಾಕೋಣವೆಂದರೆ ಬಿಸಿಲೇ ಇಲ್ಲ. ಏನು ಮಾಡುವುದು?
*ಕೃಷಿಕರು, ನಾಪೋಕ್ಲು ಹತ್ತಿರ*

ಹತ್ತು ಕೆಜಿ ಯಾಕೆ ತಂದಿರಿ ಎಂದು ಕೇಳುವುದಿಲ್ಲ, ಕಾರಣ ಗೊತ್ತು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ರಸ್ತೆಗಳು ಮುಚ್ಚಿಹೋದದ್ದನ್ನು ಕಂಡ ಮೇಲೆ ನಮ್ಮ ಬೀದಿಯಲ್ಲೂ ಮಳೆಗಾಲಕ್ಕೆ ಮುಂಚೆ ಅಂಗಡಿಯನ್ನೇ ಮನೆಗೆ ತರುವವರು ಹೆಚ್ಚಾಗಿದ್ದಾರೆ. ಆ ಭಯಕ್ಕೆ ನಾನು ನಗುವುದಿಲ್ಲ. ಆದರೆ ಅಕ್ಕಿ ಕೂಡಿಟ್ಟಂತೆ ಬೇಳೆ ಕೂಡಿಡಲು ಈ ಹವೆಯಲ್ಲಿ ಆಗುವುದಿಲ್ಲ. ಎರಡು ತಿಂಗಳ ಅಕ್ಕಿ ಇರಲಿ, ಮೂರು ವಾರದ ಬೇಳೆ ಸಾಕು.

ಮುಗ್ಗಲು ವಾಸನೆಯ ಬೇಳೆಯನ್ನು ಕೈಯಲ್ಲಿ ಹರಡಿ ನೋಡಿ. ಬಿಳಿ, ಹಸಿರು ಅಥವಾ ಕಪ್ಪು ಬೂಷ್ಟು ಕಣ್ಣಿಗೆ ಕಂಡರೆ ಪೂರ್ತಿ ಎಸೆಯಿರಿ. ತೊಳೆದರೆ ಬೂಷ್ಟು ಹೋಗುತ್ತದೆ, ಅದು ಬಿಟ್ಟ ವಿಷ ಹೋಗುವುದಿಲ್ಲ, ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ದನಕ್ಕೆ, ಕೋಳಿಗೆ ಹಾಕೋಣ ಎಂಬ ಯೋಚನೆಯೂ ಬೇಡ. ಬೂಷ್ಟು ಇಲ್ಲದೆ ಬರೀ ತೇವ ಹಿಡಿದಿದ್ದರೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಣ್ಣ ತಿರುಗದಂತೆ ಬೆಚ್ಚಗೆ ಮಾಡಿ, ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ತುಂಬಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೇ ಬೆವತು ಮೊದಲಿಗಿಂತ ಕೆಡುತ್ತದೆ.

ಹೆಸರು ಕಾಳಿನ ತೂತು ಕುಟ್ಟೆ ಹುಳದ ಕೆಲಸ. ಅದಕ್ಕೆ ಇಡೀ ಕಾಳೆಂದರೆ ಪ್ರೀತಿ, ಒಡೆದ ಬೇಳೆಯ ಮೇಲೆ ಅಷ್ಟು ಆಸೆಯಿಲ್ಲ. ತೂತಾದ ಕಾಳಿನಲ್ಲಿ ತಿರುಳು ಉಳಿದಿರುವುದಿಲ್ಲ, ನೀರಿಗೆ ಹಾಕಿದರೆ ತೇಲುತ್ತವೆ. ತೇಲಿದ್ದನ್ನು ಚೆಲ್ಲಿ ಮುಳುಗಿದ್ದನ್ನು ಮೊಳಕೆ ಕಟ್ಟಿ ಬೇಗ ಮುಗಿಸಿ. ಇನ್ನು ಮುಂದೆ ತಂದ ಕಾಳನ್ನು ಪ್ಯಾಕೆಟ್ ಸಮೇತ ನಾಲ್ಕೈದು ದಿನ ಫ್ರೀಜರಿನಲ್ಲಿಟ್ಟು ತೆಗೆದರೆ ಮೊಟ್ಟೆಗಳೂ ಸಾಯುತ್ತವೆ. ಕರೆಂಟು ಇದ್ದರೆ ಎಂಬ ಷರತ್ತು ನಿಮಗೂ ಗೊತ್ತು, ನನಗೂ ಗೊತ್ತು.

ಕರೆಂಟಿನ ಹಂಗಿಲ್ಲದ ಹಳೆಯ ದಾರಿ ಹರಳೆಣ್ಣೆ. ಏಪ್ರಿಲ್ ಬಿಸಿಲಿನಲ್ಲಿ ಎರಡು ದಿನ ಒಣಗಿಸಿದ ಬೇಳೆಗೆ ಕೆಜಿಗೆ ಒಂದು ಚಮಚದಂತೆ ಹರಳೆಣ್ಣೆ ಹಾಕಿ ಅಂಗೈಯಲ್ಲಿ ಉಜ್ಜಬೇಕು, ಪ್ರತಿ ಬೇಳೆಗೂ ಮಿನುಗು ಬರಬೇಕು. ಮತ್ತೊಮ್ಮೆ ಬಿಸಿಲು ತೋರಿಸಿ ಗಾಳಿಯಾಡದ ಸ್ಟೀಲ್ ಡಬ್ಬಕ್ಕೆ. ಅಡುಗೆಗೆ ತೆಗೆದಾಗ ಬಿಸಿನೀರಿನಲ್ಲಿ ಎರಡು ಸಲ ತಿಕ್ಕಿ ತೊಳೆಯಿರಿ. ಬೇವಿನ ಸೊಪ್ಪು ಹಾಕುವವರು ಚೆನ್ನಾಗಿ ಒಣಗಿದ್ದನ್ನೇ ಹಾಕಿ. ಹಸಿ ಸೊಪ್ಪು ತುರುಕಿ ತಾವೇ ತೇವ ಸೇರಿಸಿ, ಆಮೇಲೆ ಬೇವಿಗೆ ಶಕ್ತಿ ಇಲ್ಲ ಎನ್ನುವವರನ್ನು ನೋಡಿದ್ದೇನೆ. ಸೌದೆ ಒಲೆ ಇನ್ನೂ ಉರಿಯುವ ಮನೆಯಾದರೆ ಒಲೆಯ ಮೇಲಿನ ಅಟ್ಟಕ್ಕಿಂತ ಒಳ್ಳೆಯ ಜಾಗವಿಲ್ಲ. ಹೊಗೆ, ಬೆಚ್ಚಗಿನ ಗಾಳಿ ಎರಡೂ ಪುಕ್ಕಟೆ. ಡಬ್ಬದ ಮುಚ್ಚಳ ಮಾತ್ರ ಬಿಗಿಯಾಗಿರಲಿ, ಇಲ್ಲವಾದರೆ ಸಾರಿಗೆ ಹೊಗೆ ವಾಸನೆ.

ಸಂತೆಯಲ್ಲಿ ತೊಗರಿ ಬೇಳೆ ಅಗ್ಗಕ್ಕೆ ಸಿಕ್ಕಿತೆಂದು ತಂದೆ. ನಡುನಡುವೆ ಬೇರೆ ಆಕಾರದ ಬೇಳೆಗಳಿವೆ, ತೊಳೆದರೆ ನೀರು ಕಡು ಹಳದಿ. ತಿನ್ನಬಹುದೇ?
*ಬ್ಯಾಂಕ್ ಉದ್ಯೋಗಿ, ಕುಶಾಲನಗರ*

ತಟ್ಟೆಯಲ್ಲಿ ಹರಡಿ ಬೇರ್ಪಡಿಸಿ. ತೊಗರಿ ಬೇಳೆ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಚಪ್ಪಟೆಯಾಗಿರುತ್ತದೆ. ಅದಕ್ಕಿಂತ ದೊಡ್ಡದಾಗಿ ಗುಂಡಗೆ ಇದ್ದರೆ ಅದು ಬಟಾಣಿ ಬೇಳೆ: ಮೋಸ ಹೌದು, ಅಪಾಯವಲ್ಲ. ಮೂಲೆಗಳಿದ್ದು, ಒಂದು ಬದಿ ಓರೆಯಾಗಿ ಕತ್ತರಿಸಿದ ಹಾಗೆ ಕಂಡರೆ ಅದು ಕೇಸರಿ ಬೇಳೆ ಇರಬಹುದು. ಅದನ್ನು ಹೆಚ್ಚಾಗಿ, ತಿಂಗಳುಗಟ್ಟಲೆ ತಿಂದವರ ಕಾಲುಗಳ ಶಕ್ತಿ ಹೋಗುತ್ತದೆ. ಇದೇ ಕಾರಣಕ್ಕೆ 1961ರಲ್ಲಿ ಅದರ ಮಾರಾಟಕ್ಕೆ ನಿಷೇಧ ಬಂತು. ಒಂದು ಊಟಕ್ಕೆ ಏನೂ ಆಗುವುದಿಲ್ಲ, ಆದರೂ ಆ ಬೇಳೆ ಬೇಡ. ತೊಳೆದ ನೀರು ತೆಳು ಹಳದಿಯಾಗಿ ಮಸುಕಾಗುವುದು ಸಹಜ. ಕಡು ಹಳದಿಯಾದರೆ ಬಣ್ಣ ಬಳಿದಿದ್ದಾರೆ. ಪೊಟ್ಟಣ ಸಮೇತ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ದೂರು ಕೊಡಿ. ಸಂತೆಯಲ್ಲಿ ಸೊಪ್ಪು ತನ್ನಿ, ಗೆಣಸು ತನ್ನಿ. ಬೇಳೆಯನ್ನು ಪರಿಚಯದ ಅಂಗಡಿಯಲ್ಲೇ ಕೊಳ್ಳಿ.

ಆಂಟಿ, ನಾನು ವಿರಾಜಪೇಟೆಯಲ್ಲಿ ಕೆಲಸಕ್ಕೆ ಸೇರಿದ್ದೇನೆ. ರೂಮಿನಲ್ಲಿ ಒಂದು ಇಂಡಕ್ಷನ್ ಒಲೆ, ಒಂದು ಪಾತ್ರೆ, ಒಂದು ಸಣ್ಣ ಬಾಣಲೆ ಅಷ್ಟೇ ಇರೋದು. ಕುಕ್ಕರ್ ಇಲ್ಲ. ಮಿಕ್ಸಿ ಇಲ್ಲ. ಸಾರಿನ ಪುಡಿಯೂ ಇಲ್ಲ. ಅಮ್ಮ ಮಾಡುವಂಥ ಬೇಳೆ ಸಾರು ಆಗುತ್ತಾ?
*ಒಬ್ಬಂಟಿ ಹುಡುಗ, ವಿರಾಜಪೇಟೆ*

ಅಮ್ಮ ಮಾಡುವಂಥದ್ದು ಆಗುವುದಿಲ್ಲ ಮಗಾ, ಒಳ್ಳೆಯ ಸಾರು ಆಗುತ್ತದೆ. ತೊಗರಿ ಬೇಳೆಯನ್ನು ಮರೆತುಬಿಡು, ನಿನ್ನ ಪಾತ್ರೆಯಲ್ಲಿ ಅದು ಒಂದು ಗಂಟೆಯಾದರೂ ಬೇಯುವುದಿಲ್ಲ. ಅಂಗಡಿಯಲ್ಲಿ ಚನ್ನಂಗಿ ಬೇಳೆ ಕೇಳು, ಮಸೂರ್ ಎಂದರೂ ಕೊಡುತ್ತಾರೆ. ಸಿಪ್ಪೆ ತೆಗೆದು ಒಡೆದ ಕಿತ್ತಳೆ ಬಣ್ಣದ್ದು. ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ತೆರೆದ ಪಾತ್ರೆಯಲ್ಲೇ ಕರಗಿಹೋಗುತ್ತದೆ. ಬೆಂದ ಮೇಲೆ ಹಳದಿಯಾಗುತ್ತದೆ, ಗಾಬರಿಯಾಗಬೇಡ.

ಅರ್ಧ ಲೋಟ ಬೇಳೆ ತೊಳೆದು ಎರಡೂವರೆ ಲೋಟ ನೀರು ಹಾಕಿ ಕುದಿಸು. ಮೇಲೆ ಬಂದ ನೊರೆಯನ್ನು ಚಮಚದಲ್ಲಿ ತೆಗೆದುಬಿಡು. ಈಗ ಅರಿಶಿನ, ಜಜ್ಜಿದ ಬೆಳ್ಳುಳ್ಳಿ ನಾಲ್ಕು ಎಸಳು, ಸೀಳಿದ ಹಸಿಮೆಣಸು ಎರಡು. ನಿನಗೆ ಅಲ್ಲಿ ಗಾಂಧಾರಿ ಮೆಣಸು ಸಿಗುತ್ತದೆ, ಹಾಗಾದರೆ ಎರಡೇ ಎರಡು, ಅದೂ ಸೀಳದೆ ಇಡಿಯಾಗಿ. ಉರಿ ಕಡಿಮೆ ಮಾಡಿ ಮುಚ್ಚಳವನ್ನು ಓರೆಯಾಗಿಡು. ಪೂರ್ತಿ ಮುಚ್ಚಿದರೆ ಉಕ್ಕಿ ಇಂಡಕ್ಷನ್ ತುಂಬ ಹಳದಿ. ಬೆಂದ ಮೇಲೆ ಸೌಟಿನ ಹಿಂಬದಿಯಿಂದ ಮಸೆದು ಉಪ್ಪು ಹಾಕು. ಟೊಮೆಟೊ ಬೇಕಿದ್ದರೆ ಈಗ, ಮೊದಲೇ ಅಲ್ಲ. ಐದು ನಿಮಿಷ ಕುದಿಸಿ ಕೆಳಗಿಳಿಸು.

ಅದೇ ಒಲೆಯ ಮೇಲೆ ಬಾಣಲೆ. ಒಂದೂವರೆ ಚಮಚ ತುಪ್ಪ ಅಥವಾ ತೆಂಗಿನೆಣ್ಣೆ ಚೆನ್ನಾಗಿ ಕಾಯಲಿ. ಸಾಸಿವೆ ಹಾಕು, ಅದು ಪೂರ್ತಿ ಸಿಡಿದು ಮುಗಿಯುವವರೆಗೆ ಬೇರೆ ಏನೂ ಹಾಕಬೇಡ. ಸಿಡಿಯದ ಸಾಸಿವೆ ಕಹಿ. ಆಮೇಲೆ ಉರಿ ಆರಿಸಿ ಜೀರಿಗೆ, ಒಣಮೆಣಸು, ಕರಿಬೇವು, ಚಿಟಿಕೆ ಇಂಗು. ಬಾಣಲೆಯ ಬಿಸಿಯೇ ಸಾಕು, ಜೀರಿಗೆ ಕಪ್ಪಾಗುವುದಿಲ್ಲ. ಸಾರಿಗೆ ಸುರಿದು ತಕ್ಷಣ ಮುಚ್ಚು, ಎರಡು ನಿಮಿಷ ತೆರೆಯಬೇಡ. ಅರ್ಧ ನಿಂಬೆಹಣ್ಣನ್ನು ಕೊನೆಗೆ ಹಿಂಡು. ಕುದಿಯುವ ಸಾರಿಗೆ ಹಿಂಡಿದರೆ ಪರಿಮಳ ಹಾರಿಹೋಗುತ್ತದೆ.

ರಾತ್ರಿ ಉಳಿದದ್ದು ಬೆಳಗ್ಗೆ ಗಟ್ಟಿಯಾಗಿರುತ್ತದೆ. ನೀರು ಬೆರೆಸಿ ಒಂದು ಕುದಿ ಕೊಟ್ಟರೆ ನಮ್ಮ ಅಕ್ಕಿ ರೊಟ್ಟಿಗೆ, ಅಂದರೆ ಒಟ್ಟಿಗೆ, ಜೊತೆಯಾಗುತ್ತದೆ. ಒಟ್ಟಿ ಯಾರು ತಟ್ಟಿಕೊಡುತ್ತಾರೆ ಎಂಬುದು ನಿನ್ನ ಜವಾಬ್ದಾರಿ.

ಹುಣಸೆಹಣ್ಣು ಮುಗಿದಿತ್ತು. ಬೇಳೆ ಸಾರಿಗೆ ಎರಡು ಚಮಚ ಕಾಚಂಪುಳಿ ಹಾಕಿದೆ. ಸಾರು ಕಪ್ಪಾಯಿತು, ಬಾಯಿಗಿಡಲಾಗದಷ್ಟು ಹುಳಿ. ಮನೆಯವರೆಲ್ಲ ಇವತ್ತಿಗೂ ಆಡಿಕೊಳ್ಳುತ್ತಾರೆ. ಕಾಚಂಪುಳಿ ಬೇಳೆಗೆ ಆಗುವುದೇ ಇಲ್ಲವೇ?
*ನಿವೃತ್ತ ಶಿಕ್ಷಕಿ, ಪೊನ್ನಂಪೇಟೆ*

ಟೀಚರೇ, ಎರಡು ಚಮಚ ಕಾಚಂಪುಳಿ ಎಂದರೆ ಒಂದು ಕೆಜಿ ಪಂದಿ ಕರಿಯ ಪಾಲು! ಮರದಿಂದ ಬಿದ್ದ ಹಣ್ಣನ್ನು ಬುಟ್ಟಿಯಲ್ಲಿ ಪೇರಿಸಿ, ತೊಟ್ಟಿಕ್ಕಿದ ರಸವನ್ನು ಹಿಡಿದು, ಗಂಟೆಗಟ್ಟಲೆ ಕುದಿಸಿ ಇಂಗಿಸಿದ ಸಾರ ಅದು. ಕೊಬ್ಬಿರುವ ಮಾಂಸಕ್ಕೆ, ಮೀನಿಗೆ ಎದುರಾಗಿ ನಿಲ್ಲಲಿಕ್ಕೇ ಹುಟ್ಟಿದ್ದು. ಬೇಳೆ ಸಾಧು.

ಆದರೂ ಆಗುತ್ತದೆ, ಅಳತೆ ಗೊತ್ತಿದ್ದರೆ. ನಾಲ್ಕು ಜನರ ಸಾರಿಗೆ ಕಾಲು ಚಮಚದಿಂದ ಶುರು ಮಾಡಿ, ಅದನ್ನೂ ಅರ್ಧ ಲೋಟ ನೀರಿನಲ್ಲಿ ಕದಡಿ, ಒಲೆ ಆರಿಸುವ ಮುಂಚೆ ಹಾಕಿ. ನೋಡಿ ಬೇಕಾದರೆ ಮತ್ತೆರಡು ಹನಿ. ಬಣ್ಣ ಸ್ವಲ್ಪ ಮಂಕಾಗುವುದನ್ನು ತಪ್ಪಿಸಲಾಗದು, ಅದು ಕಾಚಂಪುಳಿಯ ಗುಣ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಬೇಡ, ಅಷ್ಟು ಹುಳಿಗೆ ಲೋಹ ಬಿಡುತ್ತದೆ. ಸ್ಟೀಲ್ ಅಥವಾ ಮಣ್ಣಿನ ಮಡಕೆ ಸರಿ. ನನ್ನ ರುಚಿ ಕೇಳಿದರೆ ಬರೀ ತೊಗರಿ ಬೇಳೆಯ ತಿಳಿ ಸಾರಿಗೆ ಹುಣಸೆಯೇ ಚೆಂದ. ಬೆಳ್ಳುಳ್ಳಿ, ಕರಿಮೆಣಸು ಜೋರಾಗಿರುವ ಸಾರಿಗೆ, ಅಲಸಂದೆ ಕಾಳಿನ ಗಟ್ಟಿ ಪಲ್ಯಕ್ಕೆ ಕಾಚಂಪುಳಿ ಒಪ್ಪುತ್ತದೆ.

ಮಗುವಿಗೆ ಏಳು ತಿಂಗಳು. ನಮ್ಮತ್ತೆ ದಿನಾ ಬೇಳೆ ಕಟ್ಟು ಮಾತ್ರ ಕುಡಿಸುತ್ತಾರೆ. ಅದು ಸಾಕೇ?
*ತಾಯಿ, ಗೋಣಿಕೊಪ್ಪ*

ಸಾಲದು. ಬೇಳೆಯ ಸತ್ವ ತಳದಲ್ಲಿರುತ್ತದೆ. ಮೇಲಿನ ತಿಳಿಯಲ್ಲಿ ಹೆಚ್ಚಾಗಿ ನೀರು. ಮಗುವಿನ ಸಣ್ಣ ಹೊಟ್ಟೆ ಆ ನೀರಿನಿಂದಲೇ ತುಂಬಿಬಿಡುತ್ತದೆ. ಚೆನ್ನಾಗಿ ಬೆಂದ ಹೆಸರು ಬೇಳೆ ಮತ್ತು ಅನ್ನವನ್ನು ನುಣ್ಣಗೆ ಮಸೆದು, ಸ್ವಲ್ಪ ತುಪ್ಪ ಸೇರಿಸಿ, ಚಮಚ ಓರೆ ಮಾಡಿದರೆ ಸುರಿಯದಷ್ಟು ಗಟ್ಟಿಯಾಗಿ ತಿನ್ನಿಸಿ. ಎದೆಹಾಲು ಮುಂದುವರಿಯಲಿ. ಉಪ್ಪು, ಸಕ್ಕರೆ ಈಗ ಬೇಡ. ಅತ್ತೆಯವರಿಗೆ ನೇರವಾಗಿ ಹೇಳಲು ಹೆದರಿಕೆಯಾದರೆ ಅಂಗನವಾಡಿ ಕಾರ್ಯಕರ್ತೆಯ ಬಾಯಲ್ಲಿ ಹೇಳಿಸಿ.

ನನಗೆ ಅರವತ್ತು ದಾಟಿದೆ. ಬೇಳೆ ತಿಂದರೆ ಹೊಟ್ಟೆ ಉಬ್ಬರ, ಬಿಟ್ಟರೆ ಡಾಕ್ಟರು ಪ್ರೋಟೀನ್ ಸಾಲದು ಎನ್ನುತ್ತಾರೆ. ಮಾಂಸ ತಿನ್ನುವವನಲ್ಲ.
*ಕಾಫಿ ಬೆಳೆಗಾರರು, ಸೋಮವಾರಪೇಟೆ*

ಸ್ವಾಮಿ, ಬೇಳೆಯಲ್ಲಿ ನಮ್ಮ ಹೊಟ್ಟೆಗೆ ಜೀರ್ಣಿಸಲಾಗದ ಕೆಲವು ಸಕ್ಕರೆಗಳಿವೆ. ಅವು ದೊಡ್ಡ ಕರುಳಿಗೆ ಹೋದ ಮೇಲೆ ಅಲ್ಲಿನ ಸೂಕ್ಷ್ಮಜೀವಿಗಳು ಅವನ್ನು ಹುದುಗಿಸಿ ಗಾಳಿ ಮಾಡುತ್ತವೆ. ಅವುಗಳಲ್ಲಿ ಒಂದು ಪಾಲು ನೀರಿಗೆ ಬಿಡುತ್ತದೆ. ಅದಕ್ಕೇ ನೆನೆಸಿದ ನೀರು ಚೆಲ್ಲಬೇಕು ಎಂದು ಮೊದಲ ಉತ್ತರದಲ್ಲಿ ಹೇಳಿದ್ದು. ತೊಗರಿಯನ್ನು ಕೆಲವು ವಾರ ಬದಿಗಿಟ್ಟು ಹೆಸರು ಬೇಳೆಗೆ ಬನ್ನಿ, ಅದು ಹೊಟ್ಟೆಗೆ ಹಗುರ. ಮೊದಲು ಮಧ್ಯಾಹ್ನ ಮಾತ್ರ, ಒಂದು ಸಣ್ಣ ಬಟ್ಟಲು. ಹೊಟ್ಟೆ ಒಗ್ಗಿಕೊಂಡಂತೆ ಹೆಚ್ಚಿಸಿ. ಶುಂಠಿ, ಜೀರಿಗೆ, ಇಂಗು ಹಾಕುವುದು ರೂಢಿ, ಹಾಕಿ. ಗೋಧಿ ಆಗದವರು ಇಂಗಿನ ಡಬ್ಬದ ಹಿಂಬದಿ ಓದಿ, ಅಂಗಡಿಯ ಇಂಗಿನಲ್ಲಿ ಬಹಳ ಸಲ ಗೋಧಿ ಹಿಟ್ಟು ಬೆರೆಸಿರುತ್ತಾರೆ.

ಬೇಳೆಗೆ ಅನ್ನ ಸೇರಿದರೆ ಒಂದರಲ್ಲಿ ಇಲ್ಲದ್ದನ್ನು ಇನ್ನೊಂದು ತುಂಬುತ್ತದೆ, ಪ್ರೋಟೀನ್ ದೃಷ್ಟಿಯಿಂದ ಒಳ್ಳೆಯ ಜೋಡಿ. ಜೊತೆಗೆ ಮೊಸರು ಇರಲಿ. ಉಬ್ಬರದ ಜೊತೆ ತೂಕ ಇಳಿಯುವುದು, ಮಲದಲ್ಲಿ ರಕ್ತ, ಹಸಿವಿಲ್ಲದಿರುವುದು ಏನಾದರೂ ಇದ್ದರೆ ಬೇಳೆಯ ಮೇಲೆ ಹಾಕಿ ಸುಮ್ಮನಾಗಬೇಡಿ, ಡಾಕ್ಟರಿಗೆ ಬಿಡಿಸಿ ಹೇಳಿ.

ನಾವು ಸಣ್ಣ ಹೋಂಸ್ಟೇ ನಡೆಸುತ್ತೇವೆ. ಉತ್ತರದಿಂದ ಬಂದ ಅತಿಥಿಗಳು ದಾಲ್ ತಡ್ಕಾ ಕೇಳುತ್ತಾರೆ. ನಮ್ಮ ಸಾರು ಬಡಿಸಿದರೆ ನೀರಾಗಿದೆ ಎನ್ನುತ್ತಾರೆ. ಅವರ ಥರ ಮಾಡಿದರೆ ಅರೆಬರೆ. ಯಾವುದಾದರೂ ಒಂದು ದಾರಿ ಹೇಳಿ. ಇಪ್ಪತ್ತು ಜನಕ್ಕೆ ಅಳತೆಯೂ ಬೇಕು.
*ದಂಪತಿ, ಕಕ್ಕಬ್ಬೆ*

ಅವರ ದೂರಿನಲ್ಲಿ ಅರ್ಥವಿದೆ. ಅವರು ಬೇಳೆಯನ್ನು ರೊಟ್ಟಿಯಲ್ಲಿ ಅದ್ದಿ ಎತ್ತಿಕೊಳ್ಳುವವರು, ನಾವು ಅನ್ನಕ್ಕೆ ಸುರಿದು ಕಲಸಿಕೊಳ್ಳುವವರು. ಚಪಾತಿ ಬಡಿಸಿ ತಿಳಿ ಸಾರು ಕೊಟ್ಟರೆ ಅವರು ಏನು ಮಾಡಬೇಕು? ಹಾಗೆಂದು ಇಲ್ಲಿ ಕೂತು ಪಂಜಾಬಿ ಢಾಬಾದ ನಕಲು ಮಾಡುವುದೂ ನನಗೆ ಹಿಡಿಸುವುದಿಲ್ಲ. ಕಕ್ಕಬ್ಬೆಯವರೆಗೆ ಬಂದವರು ಅದಕ್ಕಾಗಿ ಬಂದಿಲ್ಲ. ಗಟ್ಟಿಯಾಗಿ ಮಾಡಿ, ನಮ್ಮದನ್ನೇ ಮಾಡಿ. ಹಲಸಿನ ಬೀಜ ಹಾಕಿದ ಬೇಳೆ ನನ್ನ ಸಲಹೆ. ಮಣ್ಣು ಹಚ್ಚಿಟ್ಟ ಬೀಜ ಈಗಲೂ ನಿಮ್ಮ ಅಕ್ಕಪಕ್ಕದ ಮನೆಗಳಲ್ಲಿ ಸಿಗುತ್ತದೆ.

ಇಪ್ಪತ್ತು ಜನಕ್ಕೆ ತೊಗರಿ ಬೇಳೆ ಒಂದು ಕೆಜಿ, ತಲೆಗೆ 50 ಗ್ರಾಂ ಲೆಕ್ಕ. ಬೇರೆ ಪಲ್ಯಗಳು ಹೆಚ್ಚಿದ್ದರೆ ಮುಕ್ಕಾಲು ಸಾಕು. ಹಲಸಿನ ಬೀಜ ಅರ್ಧ ಕೆಜಿ: ಮೇಲಿನ ಬಿಳಿ ಸಿಪ್ಪೆ ಬಿಡಿಸಿ, ಕಂದು ಸಿಪ್ಪೆ ಒರಟಾಗಿ ಕೆರೆದು, ಎರಡಾಗಿ ಸೀಳಿ ಉಪ್ಪು ನೀರಿನಲ್ಲಿ ಬೇರೆಯೇ ಬೇಯಿಸಿ. ಬೇಳೆಯ ಜೊತೆ ಹಾಕಿದರೆ ಎರಡರ ಹದವೂ ತಪ್ಪುತ್ತದೆ. ಬೇಳೆಯನ್ನು ಎರಡೂವರೆ ಪಟ್ಟು ನೀರಿನಲ್ಲಿ ಬೇಯಿಸಿ ಅರ್ಧ ಮಾತ್ರ ಮಸೆಯಿರಿ, ಉಳಿದರ್ಧ ಹಾಗೇ ಇರಲಿ. ದೊಡ್ಡ ತೆಂಗಿನಕಾಯಿ ಒಂದು, ಜೀರಿಗೆ ಎರಡು ಚಮಚ, ಬೆಳ್ಳುಳ್ಳಿ ಒಂದು ಗಡ್ಡೆ, ಗಾಂಧಾರಿ ಮೆಣಸು ಹತ್ತು ಹನ್ನೆರಡು ಒರಟಾಗಿ ರುಬ್ಬಿ. ಎಲ್ಲ ಸೇರಿಸಿ ಒಂದು ಕುದಿ, ತೆಂಗಿನಕಾಯಿ ಬಿದ್ದ ಮೇಲೆ ಹೆಚ್ಚು ಕುದಿಸಬೇಡಿ. ಕಾಚಂಪುಳಿ ಇಷ್ಟಕ್ಕೂ ಒಂದೇ ಚಮಚ. ಪೊನ್ನಂಪೇಟೆಯ ಟೀಚರ್ ಸಾಕ್ಷಿ.

ಒಗ್ಗರಣೆಯನ್ನು ಮಾತ್ರ ಮುಂಚೆ ಹಾಕಿಡಬೇಡಿ. ಬೇಳೆಯನ್ನು ಬಿಸಿಯಾಗಿಟ್ಟುಕೊಂಡು, ಅತಿಥಿಗಳು ಕೈತೊಳೆದು ಕೂತ ಮೇಲೆ ತೆಂಗಿನೆಣ್ಣೆ ಕಾಯಿಸಿ, ಸಾಸಿವೆ, ಜಜ್ಜಿದ ಬೆಳ್ಳುಳ್ಳಿ ಕೆಂಪಗೆ, ಒಣಮೆಣಸು, ಕರಿಬೇವು ಹಾಕಿ ಅವರ ಕಣ್ಣೆದುರೇ ಸುರಿಯಿರಿ. ತಡ್ಕಾ ಕೇಳಿದವರಿಗೆ ಬೇಕಾದ ಸದ್ದು, ಘಮ ಎರಡೂ ಸಿಗುತ್ತದೆ. ಚಪಾತಿ ಬದಲು ಅಕ್ಕಿ ಒಟ್ಟಿ ಕೊಡಿ.

ಕಣಿಲೆಯ (ಎಳೆ ಬಿದಿರಿನ) ಬಗ್ಗೆ ಬಂದ ಪತ್ರಗಳಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ. ಅಲ್ಲಿಯವರೆಗೆ ಹೆಚ್ಚಿದ ಕಣಿಲೆಯನ್ನು ನೀರು ಬದಲಾಯಿಸುತ್ತಾ ನೆನೆಸಿ, ಚೆನ್ನಾಗಿ ಬೇಯಿಸದೆ ಯಾರೂ ತಿನ್ನಬೇಡಿ.